ಗ್ಯಾರಡೋಸ್‌ನ ಬಲಾಬಲ

 

ಹೋದ ಸಂಚಿಕೆಯಲ್ಲಿ ಎರೆಹುಳುವಿನ ಬಗ್ಗೆ ಬರೆದಿದ್ದೆ. ಈ ಸಲದ ಪ್ರಾಣಿ ಯಾವ ಕೆರೆಯಲ್ಲೂ ಸಿಗುವುದಿಲ್ಲ, ಯಾವ ಕಾಡಲ್ಲೂ ಸಿಗುವುದಿಲ್ಲ. ಅದರ ಹೆಸರು ಗ್ಯಾರಡೋಸ್. ನೀಲಿ ಬಣ್ಣ, ಹಾವಿನಂಥ ಉದ್ದ ಮೈ, ಯಾವಾಗಲೂ ತೆರೆದೇ ಇರುವ ಬಾಯಿ. ಪೋಕೆಮಾನ್ ಎಂಬ ವಿಡಿಯೋ ಆಟದಲ್ಲಿ ಕಾದಾಡುವ ಪ್ರಾಣಿಗಳಲ್ಲಿ ಅದೂ ಒಂದು. ಟಿವಿಯಲ್ಲಿ ಪಿಕಾಚುವನ್ನು ನೋಡಿದವರಿಗೆ ಇದೂ ಗೊತ್ತಿರುತ್ತದೆ. ಗುರುಗಳಿಗೆ ಗೊತ್ತಿರಲಿಕ್ಕಿಲ್ಲ, ಅವರಿಗಾಗಿ ಸ್ವಲ್ಪ ಮೊದಲಿಂದ ಹೇಳುತ್ತೇನೆ. ಗೊತ್ತಿದ್ದವರು ಒಂದು ಪ್ಯಾರಾ ದಾಟಿ ಓದಿ.

ಈ ಆಟವನ್ನು ಕಲ್ಪಿಸಿದವರು ಜಪಾನಿನ ಸತೋಶಿ ತಜಿರಿ. ಅವರಿಗೆ ಚಿಕ್ಕಂದಿನಲ್ಲಿ ಹುಳಹುಪ್ಪಟೆ ಹಿಡಿದು ಕೂಡಿಡುವ ಹುಚ್ಚು ಇತ್ತಂತೆ. ದೊಡ್ಡವರಾದ ಮೇಲೆ ಅದನ್ನೇ ಆಟ ಮಾಡಿದರು: ಪ್ರಾಣಿ ಹಿಡಿಯುವುದು, ಸಾಕುವುದು, ಗೆಳೆಯರ ಪ್ರಾಣಿಯ ಜೊತೆ ಕಾದಾಡಿಸುವುದು. 1996ರ ಫೆಬ್ರವರಿ 27ರಂದು ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಎಂಬ ಅಂಗೈಯಗಲದ ಯಂತ್ರಕ್ಕೆ ಅದು ಹೊರಬಂತು. ಮೊದಲ ಆಟದಲ್ಲಿ 151 ಪ್ರಾಣಿಗಳು, ಈಗ ಸಾವಿರ ದಾಟಿವೆ. ಕಾರ್ಟೂನ್ ಭಾರತದ ಟಿವಿಗೆ ಬಂದದ್ದು 2003ರಲ್ಲಿ. ಗ್ಯಾರಡೋಸ್ ಮೊದಲ 151ರಲ್ಲೇ ಇದೆ, ಕ್ರಮಸಂಖ್ಯೆ 130.

ನಮ್ಮಲ್ಲಿ ಯಾರ ಹತ್ತಿರವೂ ಆ ಯಂತ್ರ ಇಲ್ಲ. ಆದ್ದರಿಂದ ನಾವು ಕಾಗದದ ಮೇಲೆ ಆಡುತ್ತೇವೆ. ನಮ್ಮ ದೊಡ್ಡಪ್ಪನ ಮಗ ಬೆಂಗಳೂರಿನಿಂದ ಬಂದಾಗ ಪ್ರಾಣಿಗಳ ಅಂಕಿಗಳನ್ನೂ ಏಟಿನ ಸೂತ್ರವನ್ನೂ ನೋಟ್‌ಬುಕ್ಕಿನಲ್ಲಿ ಬರೆಸಿಕೊಟ್ಟಿದ್ದ. ಚೀಟಿ ಎತ್ತಿ ಒಬ್ಬೊಬ್ಬರಿಗೆ ಎರಡೆರಡು ಪ್ರಾಣಿ. ಎಲ್ಲವೂ 50ನೇ ಮಟ್ಟದವು, ವಿಶೇಷ ತರಬೇತಿ ಯಾವುದಕ್ಕೂ ಇಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಕೂತು ಆಡುವುದು.

ಈಗ ತಂಟೆ ಶುರುವಾಗಿರುವುದು ಇಲ್ಲಿ. ಲೆಕ್ಕ ಮಾಡಲು ಹೊತ್ತು ಹಿಡಿಯುತ್ತದೆ ಅಂತ ನಮ್ಮ ತರಗತಿಯ ಕೆಲವರು ಹೊಸ ನಿಯಮ ತರಬೇಕು ಅನ್ನುತ್ತಿದ್ದಾರೆ: ಏಟು ನಾಲ್ಕು ಪಟ್ಟು ಬೀಳುವ ಕಡೆ ಲೆಕ್ಕವೇ ಬೇಡ, ಪ್ರಾಣಿ ಸತ್ತ ಹಾಗೇ ಅಂತ ಬರೆದುಬಿಡುವುದು. ಗ್ಯಾರಡೋಸ್ ಚೀಟಿ ಬಂದಿರುವುದು ಆರನೇ ತರಗತಿಯ ಒಬ್ಬ ಹುಡುಗಿಗೆ. ಪಿಕಾಚು ಇಟ್ಟುಕೊಂಡವನು "ನಿಂದು ಆಡೋದೇ ಬೇಡ ಬಿಡು, ಒಂದೇ ಏಟು" ಅಂದನಂತೆ. ಅವಳು ಈ ಶನಿವಾರ ಬರುವುದಿಲ್ಲ ಅಂತ ಕೂತಿದ್ದಾಳೆ. ನಿಯಮಕ್ಕೆ ಕೈ ಎತ್ತುವ ಮೊದಲು ಎಲ್ಲರೂ ಇದನ್ನು ಓದಲಿ ಅಂತಲೇ ಬರೆಯುತ್ತಿದ್ದೇನೆ.

ಗ್ಯಾರಡೋಸ್ ಹುಟ್ಟುವಾಗಲೇ ಗ್ಯಾರಡೋಸ್ ಆಗಿರುವುದಿಲ್ಲ. ಮೊದಲು ಅದು ಮ್ಯಾಜಿಕಾರ್ಪ್ ಎಂಬ ಕೆಂಪು ಮೀನು. ನಮ್ಮ ಗೆಂಡೆ ಮೀನಿನ ಕುಲದ್ದು ಅನ್ನಬಹುದು. ಇಡೀ ಆಟದಲ್ಲಿ ಇದರಷ್ಟು ಕೈಲಾಗದ ಪ್ರಾಣಿ ಕಡಿಮೆ. ಶುರುವಿನಲ್ಲಿ ಅದಕ್ಕೆ ಬರುವ ವಿದ್ಯೆ ಒಂದೇ, ಸ್ಪ್ಲ್ಯಾಶ್. ಅಂದರೆ ನೀರಿನಿಂದ ತೆಗೆದ ಮೀನಿನ ಹಾಗೆ ಪಟಪಟ ಎಗರುವುದು. ಅದರಿಂದ ಎದುರಾಳಿಗೆ ಒಂದು ಕೂದಲೂ ಕೊಂಕುವುದಿಲ್ಲ. ಮೊದಲ ಆಟದಲ್ಲಿ ಮೂನ್ ಬೆಟ್ಟದ ಬುಡದಲ್ಲಿ ಒಬ್ಬ ವ್ಯಾಪಾರಿ ಇದನ್ನೇ ಆಟದ ದುಡ್ಡು 500ಕ್ಕೆ ಮಾರಲು ನಿಂತಿರುತ್ತಾನೆ. ಕೊಂಡವರು ಮೋಸ ಹೋದೆವು ಅಂದುಕೊಳ್ಳುತ್ತಾರೆ. ಆದರೆ ಬಿಸಾಡದೆ 20ನೇ ಮಟ್ಟದವರೆಗೆ ಸಾಕಿದರೆ ಅದೇ ಗ್ಯಾರಡೋಸ್ ಆಗುತ್ತದೆ.

ಇದರ ಹಿಂದೆ ಚೀನಾದ ಒಂದು ಹಳೆಯ ಕಥೆ ಇದೆ. ಹಳದಿ ನದಿಯಲ್ಲಿ ಡ್ರ್ಯಾಗನ್ ಬಾಗಿಲು ಎಂಬ ಜಾಗವನ್ನು ಎದುರು ನೀರಿನಲ್ಲಿ ಈಜಿ, ಹಾರಿ ದಾಟಿದ ಗೆಂಡೆ ಮೀನು ಡ್ರ್ಯಾಗನ್ ಆಗುತ್ತದಂತೆ. ಜಪಾನಿನಲ್ಲೂ ಈ ಕಥೆ ಮನೆಮಾತು. ಮೇ 5ರ ಮಕ್ಕಳ ದಿನಕ್ಕೆ ಅಲ್ಲಿ ಬಟ್ಟೆಯ ಮೀನುಗಳನ್ನು ಕಂಬಕ್ಕೆ ಕಟ್ಟಿ ಗಾಳಿಗೆ ಹಾರಿಸುತ್ತಾರೆ. ಕೆರೆ ಕೋಡಿ ಬಿದ್ದಾಗ ಮೀನು ಎದುರು ನೀರಿಗೆ ಹತ್ತುವುದನ್ನು ಕಂಡ ನಮಗೆ ಈ ಕಥೆ ಅಷ್ಟೇನೂ ದೂರದ್ದಲ್ಲ. ಒಂದು ತಮಾಷೆ ಏನೆಂದರೆ, ಕಥೆಯಲ್ಲಿ ಮೀನು ಡ್ರ್ಯಾಗನ್ ಆಗುತ್ತದೆ, ಆಟದಲ್ಲಿ ಮಾತ್ರ ಗ್ಯಾರಡೋಸನ್ನು ಡ್ರ್ಯಾಗನ್ ಬಗೆಗೆ ಸೇರಿಸಿಲ್ಲ. ನೀರು ಮತ್ತು ಹಾರುವ ಬಗೆ ಅಂತ ಇಟ್ಟಿದ್ದಾರೆ. ಹಾರುವ ಬಗೆ ಅಂತ ಹೆಸರಿದ್ದರೂ ಫ್ಲೈ ಎಂಬ ಹಾರುವ ವಿದ್ಯೆಯನ್ನು ಕಲಿಯಲು ಇದಕ್ಕೆ ಆಗುವುದಿಲ್ಲ!

ಈಗ ಅಂಕಿಗಳು. ಪ್ರತಿ ಪ್ರಾಣಿಗೆ ಆರು ಮೂಲ ಅಂಕಿ ಇರುತ್ತವೆ. ಗ್ಯಾರಡೋಸ್‌ಗೆ ಜೀವ 95, ದಾಳಿ 125, ರಕ್ಷಣೆ 79, ವಿಶೇಷ ದಾಳಿ 60, ವಿಶೇಷ ರಕ್ಷಣೆ 100, ವೇಗ 81. ಒಟ್ಟು 540. ಮ್ಯಾಜಿಕಾರ್ಪ್‌ಗೆ ಎಲ್ಲ ಸೇರಿ 200 ಅಷ್ಟೆ. ದಾಳಿ 10ರಿಂದ 125ಕ್ಕೆ ಏರಿತು, ಅಂದರೆ ಹನ್ನೆರಡೂವರೆ ಪಟ್ಟು. ಆದರೆ ವೇಗ 80 ಇದ್ದದ್ದು 81 ಆಯಿತು! ಪಾಪದ ಮೀನು ಮೊದಲೇ ಅಷ್ಟು ಚುರುಕಾಗಿತ್ತು, ಓಡಿಹೋಗುವುದಕ್ಕೆ ಇರಬೇಕು.

ದಾಳಿ ಬೇರೆ, ವಿಶೇಷ ದಾಳಿ ಬೇರೆ ಎಂಬುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಗ್ಯಾರಡೋಸ್ ಇದರಿಂದ ಬಹಳ ವರ್ಷ ನರಳಿತು. ಮೈಯಿಂದ ಹೊಡೆಯುವುದು, ಕಚ್ಚುವುದು, ಗುದ್ದುವುದು ದಾಳಿ. ಮಿಂಚು ಬಿಡುವುದು, ಬೆಂಕಿ ಉಗುಳುವುದು ವಿಶೇಷ ದಾಳಿ. ಒಂದಕ್ಕೆ ಎದುರು ರಕ್ಷಣೆಯ ಅಂಕಿ, ಇನ್ನೊಂದಕ್ಕೆ ಎದುರು ವಿಶೇಷ ರಕ್ಷಣೆಯ ಅಂಕಿ. 1996ರ ಆಟದಲ್ಲಿ ವಿಶೇಷ ಅಂತ ಒಂದೇ ಅಂಕಿ ಇತ್ತು, ಗ್ಯಾರಡೋಸ್‌ಗೆ ಅದು 100. 1999ರ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ ಅದನ್ನು ಒಡೆದು ಎರಡು ಮಾಡಿದರು. ವಿಶೇಷ ರಕ್ಷಣೆ 100 ಉಳಿಯಿತು, ವಿಶೇಷ ದಾಳಿ 60ಕ್ಕೆ ಇಳಿಯಿತು. ಆಗಿನ ಕಾನೂನಿನಲ್ಲಿ ನೀರಿನ ವಿದ್ಯೆಗಳೆಲ್ಲ ವಿಶೇಷ ದಾಳಿಯ ಲೆಕ್ಕಕ್ಕೇ ಸೇರುತ್ತಿದ್ದವು. ಹಾಗಾಗಿ 125ರ ತೋಳು ಇದ್ದರೂ ತನ್ನ ಸ್ವಂತ ನೀರಿನ ಏಟನ್ನು 60ರ ತೋಳಿನಿಂದಲೇ ಹೊಡೆಯಬೇಕಾಗಿತ್ತು. ಬಲಗೈ ಬಂಟನಿಗೆ ಎಡಗೈಯಲ್ಲೇ ಕಲ್ಲು ಬೀಸು ಅಂದ ಹಾಗೆ. 2006ರ ಡೈಮಂಡ್ ಮತ್ತು ಪರ್ಲ್ ಆಟಗಳಲ್ಲಿ ಕಾನೂನು ಬದಲಾಗಿ, ಒಂದೊಂದು ವಿದ್ಯೆಗೂ ಬೇರೆ ಬೇರೆ ಲೆಕ್ಕ ಬಂತು. ವಾಟರ್‌ಫಾಲ್ ಎಂಬ ನೀರಿನ ಏಟು ಮೈಯ ಏಟಿನ ಕಡೆ ಸೇರಿತು. ಪ್ರಾಣಿಯ ಅಂಕಿ ಒಂದೂ ಬದಲಾಗಲಿಲ್ಲ, ನಿಯಮ ಬದಲಾಯಿತು, ಗ್ಯಾರಡೋಸ್ ಎದ್ದು ನಿಂತಿತು. ಶನಿವಾರದ ನಿಯಮದ ಬಗ್ಗೆ ಯೋಚಿಸುವವರು ಇದನ್ನು ಎರಡು ಸಲ ಓದಿ.

ಇನ್ನು ದೌರ್ಬಲ್ಯ. ಈಗಿನ ಆಟದಲ್ಲಿ ಬಗೆಗಳು 18. ಪ್ರಾಣಿಗೆ ಎರಡು ಬಗೆ ಇದ್ದರೆ ಎರಡರದ್ದೂ ಗುಣಿಸಬೇಕು. ವಿದ್ಯುತ್ತಿನ ಏಟು ನೀರಿಗೆ 2 ಪಟ್ಟು, ಹಾರುವುದಕ್ಕೂ 2 ಪಟ್ಟು, ಗುಣಿಸಿದರೆ 4. ಇದೇ ಎಲ್ಲರ ಬಾಯಲ್ಲಿರುವ ನಾಲ್ಕು ಪಟ್ಟು. ಬಂಡೆಯ ಏಟು ನೀರಿಗೆ 1, ಹಾರುವುದಕ್ಕೆ 2, ಒಟ್ಟು 2. ಇವೆರಡೇ ಗ್ಯಾರಡೋಸ್‌ನ ದೌರ್ಬಲ್ಯ, ಮೂರನೆಯದಿಲ್ಲ. ಹುಲ್ಲಿನ ಏಟು ನೀರಿಗೆ 2, ಆದರೆ ಹಾರುವುದಕ್ಕೆ ಅರ್ಧ, ಅಲ್ಲಿಗೆ 1. ಹಿಮದ್ದೂ ಹೀಗೇ ಹೊಡೆದುಹೋಗುತ್ತದೆ. ಬೆಂಕಿ, ನೀರು, ಉಕ್ಕು, ಹುಳ, ಕುಸ್ತಿ ಇವೈದೂ ಅರ್ಧ. ಭೂಮಿಯ ಏಟು ಸೊನ್ನೆ, ತಾಗುವುದೇ ಇಲ್ಲ. 2013ರ ಎಕ್ಸ್ ಮತ್ತು ವೈ ಆಟಗಳಲ್ಲಿ ಇದಕ್ಕೆ ಮೆಗಾ ಅಂತ ಇನ್ನೊಂದು ರೂಪ ಬಂತು. ಅದರಲ್ಲಿ ಹಾರುವ ಬಗೆ ಹೋಗಿ ಕತ್ತಲೆ ಬಗೆ ಸೇರುತ್ತದೆ, ವಿದ್ಯುತ್ 2 ಪಟ್ಟಿಗೆ ಇಳಿಯುತ್ತದೆ, ಆದರೆ ಭೂಮಿಯ ಏಟು ತಾಗಲು ಶುರುವಾಗುತ್ತದೆ. ನಮ್ಮ ಆಟದಲ್ಲಿ ಮೆಗಾ ಇಟ್ಟಿಲ್ಲ, ಅದನ್ನು ಬಿಡೋಣ.

ಹಾಗಾದರೆ ಪಿಕಾಚುವಿನ ಮಿಂಚಿಗೆ ಗ್ಯಾರಡೋಸ್ ಒಂದೇ ಏಟಿಗೆ ಬೀಳುತ್ತದೋ? ಲೆಕ್ಕ ಮಾಡಿಯೇ ನೋಡೋಣ. ಗಣಿತದ ಮೇಷ್ಟ್ರು ತಪ್ಪು ಹುಡುಕುತ್ತಾರೆ ಅಂತ ಗೊತ್ತು, ಮೂರು ಸಲ ತಾಳೆ ನೋಡಿದ್ದೇನೆ.

50ನೇ ಮಟ್ಟದಲ್ಲಿ ತರಬೇತಿ ಇಲ್ಲದ ಪ್ರಾಣಿಯ ಅಂಕಿ ಸುಲಭ. ಜೀವಕ್ಕೆ ಮೂಲ ಅಂಕಿಗೆ 60 ಕೂಡಿಸಿ, ಉಳಿದವಕ್ಕೆ 5 ಕೂಡಿಸಿ. ಗ್ಯಾರಡೋಸ್‌ಗೆ ಜೀವ 155, ವಿಶೇಷ ರಕ್ಷಣೆ 105. ಪಿಕಾಚುವಿನ ವಿಶೇಷ ದಾಳಿ 50ಕ್ಕೆ 5 ಸೇರಿ 55. ಅದರ ಏಟು ಥಂಡರ್‌ಬೋಲ್ಟ್, ಶಕ್ತಿ 90. ಸೂತ್ರ ಹೀಗಿದೆ: 50ನೇ ಮಟ್ಟಕ್ಕೆ 22 ಎಂಬ ಸಂಖ್ಯೆ, ಅದನ್ನು ಏಟಿನ ಶಕ್ತಿಯಿಂದ ಗುಣಿಸಿ, ಹೊಡೆಯುವವನ ಅಂಕಿಯಿಂದ ಗುಣಿಸಿ, ತಿನ್ನುವವನ ಅಂಕಿಯಿಂದ ಭಾಗಿಸಿ, ಆಮೇಲೆ 50ರಿಂದ ಭಾಗಿಸಿ, 2 ಕೂಡಿಸಿ. ಪ್ರತಿ ಹೆಜ್ಜೆಯಲ್ಲೂ ಚಿಲ್ಲರೆ ಬಿಟ್ಟುಬಿಡಬೇಕು.

22 × 90 × 55 ÷ 105 = 1037. ಅದನ್ನು 50ರಿಂದ ಭಾಗಿಸಿದರೆ 20. ಎರಡು ಕೂಡಿಸಿ 22.

ಈಗ ಅದೃಷ್ಟದ ಚೀಟಿ. 85ರಿಂದ 100ರವರೆಗೆ ಹದಿನಾರು ಚೀಟಿಗಳಲ್ಲಿ ಒಂದನ್ನು ಎತ್ತಿ, ನೂರಕ್ಕೆ ಅಷ್ಟು ಭಾಗ ಇಟ್ಟುಕೊಳ್ಳುವುದು. 85 ಬಂದರೆ 22 ಇದ್ದದ್ದು 18, 100 ಬಂದರೆ 22 ಹಾಗೇ. ಪಿಕಾಚು ತನ್ನದೇ ಬಗೆಯ ಏಟು ಹೊಡೆಯುತ್ತಿರುವುದರಿಂದ ಒಂದೂವರೆ ಪಟ್ಟು: 27 ಅಥವಾ 33. ಕೊನೆಗೆ ಆ ನಾಲ್ಕು ಪಟ್ಟು: 108 ಅಥವಾ 132.

ಗ್ಯಾರಡೋಸ್‌ನ ಜೀವ ಎಷ್ಟು? 155. ಕಡಿಮೆ ಎಂದರೆ 23, ಹೆಚ್ಚೆಂದರೆ 47 ಉಳಿಯಿತು. ಹದಿನಾರು ಚೀಟಿಯಲ್ಲಿ ಯಾವುದು ಬಂದರೂ ಸಾಯುವುದಿಲ್ಲ.

ಈಗ ಅದರ ಸರದಿ. ವಾಟರ್‌ಫಾಲ್, ಶಕ್ತಿ 80. ದಾಳಿ 130, ಪಿಕಾಚುವಿನ ರಕ್ಷಣೆ 45. ಲೆಕ್ಕ ಮಾಡಿದರೆ 103 ಬರುತ್ತದೆ, ಅತಿ ಕೆಟ್ಟ ಚೀಟಿ ಬಂದರೂ ಒಂದೂವರೆ ಪಟ್ಟು ಹಾಕಿದ ಮೇಲೆ 130. ಪಿಕಾಚುವಿನ ಇಡೀ ಜೀವವೇ 95. ಮುಗಿಯಿತು. ಒಂದೇ ಏಟು ಅಂದವರ ಪ್ರಾಣಿಯೇ ಒಂದೇ ಏಟಿಗೆ ಮಲಗಿತು.

ಪಿಕಾಚು ಕಡೆಯವರ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ನ್ಯಾಯ ಅಲ್ಲ. ಪಿಕಾಚುವಿನ ವೇಗ 95, ಗ್ಯಾರಡೋಸ್‌ದು 86, ಆದ್ದರಿಂದ ಮಿಂಚು ಮೊದಲು ಬೀಳುತ್ತದೆ. ಎದುರುಬದುರು ನಿಂತು ಶುರು ಮಾಡಿದರೆ ಮಾತ್ರ ಮೇಲಿನ ಲೆಕ್ಕ. ನಡುವೆ ಬೇರೆ ಪ್ರಾಣಿಯನ್ನು ಹಿಂದಕ್ಕೆ ಕರೆದು ಗ್ಯಾರಡೋಸನ್ನು ಒಳಗೆ ಬಿಟ್ಟರೆ, ಬರುವಾಗ ಒಂದು ಮಿಂಚು, ಬಂದ ಮೇಲೆ ಇನ್ನೊಂದು ಮಿಂಚು, ಅಲ್ಲಿಗೆ ಕಥೆ ಮುಗಿದ ಹಾಗೆ. ಥಂಡರ್‌ಬೋಲ್ಟ್ ಬಿದ್ದ ನೂರರಲ್ಲಿ ಹತ್ತು ಸಲ ಮೈ ಮರಗಟ್ಟುವುದೂ ಉಂಟು, ಆಗ ತಿರುಗಿ ಹೊಡೆಯುವುದು ಖಾತ್ರಿ ಇಲ್ಲ. ಇಂಟಿಮಿಡೇಟ್ ಎಂಬ ಗ್ಯಾರಡೋಸ್‌ನ ಹುಟ್ಟುಗುಣ ಎದುರಾಳಿಯ ದಾಳಿಯನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸುತ್ತದೆ ನಿಜ, ಆದರೆ ಮೈಯ ದಾಳಿಯನ್ನು ಮಾತ್ರ. ಮಿಂಚು ಬಿಡುವವನು ಹೆದರುವುದಿಲ್ಲ.

ನನ್ನನ್ನು ಕೇಳಿದರೆ ಗ್ಯಾರಡೋಸ್ ಮಿಂಚಿಗಿಂತ ಹೆಚ್ಚು ಹೆದರಬೇಕಾದ್ದು ನೆಲದ ಮೇಲಿನ ಕಲ್ಲಿಗೆ. ಸ್ಟೆಲ್ತ್ ರಾಕ್ ಅಂತ ಒಂದು ವಿದ್ಯೆ 2006ರಲ್ಲಿ ಬಂತು. ಎದುರಾಳಿ ಒಮ್ಮೆ ಚೂಪುಗಲ್ಲು ಹರಡಿಬಿಟ್ಟರೆ, ಆಮೇಲೆ ಒಳಗೆ ಬರುವ ಪ್ರತಿ ಪ್ರಾಣಿಗೂ ಅದು ಚುಚ್ಚುತ್ತದೆ. ಸಾಮಾನ್ಯ ಪ್ರಾಣಿಗೆ ಎಂಟರಲ್ಲಿ ಒಂದು ಪಾಲು ಜೀವ ಹೋಗುತ್ತದೆ. ಬಂಡೆ 2 ಪಟ್ಟು ತಾಗುವ ಗ್ಯಾರಡೋಸ್‌ಗೆ ನಾಲ್ಕರಲ್ಲಿ ಒಂದು. 155ರಲ್ಲಿ 38 ಹೋಗಿ 117 ಉಳಿಯಿತು. ಈಗ ಅದೇ ಪಿಕಾಚುವಿನ ಅದೇ ಮಿಂಚು: ಹದಿನಾರು ಚೀಟಿಯಲ್ಲಿ 85ರಿಂದ 90ರವರೆಗಿನ ಆರು ಬಂದರೆ ಬದುಕು, ಉಳಿದ ಹತ್ತರಲ್ಲಿ ಸಾವು. ಯಾರೂ ಗಮನಿಸದ 2 ಪಟ್ಟು, ಎಲ್ಲರೂ ಕೂಗಾಡುವ 4 ಪಟ್ಟಿಗೆ ಬಾಗಿಲು ತೆಗೆದುಕೊಡುತ್ತದೆ. ಗ್ಯಾರಡೋಸ್ ಇಟ್ಟುಕೊಂಡವರು ಕಲ್ಲು ಹರಡುವ ಮೊದಲೇ ಅದನ್ನು ಕಣಕ್ಕೆ ಇಳಿಸಬೇಕು.

ಬಲ ಅಂದರೆ ಡ್ರ್ಯಾಗನ್ ಡ್ಯಾನ್ಸ್. ಒಂದು ಸರದಿ ಏಟು ಬಿಟ್ಟು ಕುಣಿದರೆ ದಾಳಿಯೂ ವೇಗವೂ ಒಂದೂವರೆ ಪಟ್ಟು. ದಾಳಿ 195, ವೇಗ 129. ರೈಚುವಿನ ವೇಗ 115, ಜ್ಯಾಪ್‌ಡಾಸ್ 105, ಇಬ್ಬರೂ ಹಿಂದೆ ಬಿದ್ದರು. ಆದರೆ ಜೋಲ್ಟಿಯಾನ್ 135. ಒಂದು ಕುಣಿತಕ್ಕೆ ಅದು ಸಿಗುವುದಿಲ್ಲ, ಎರಡು ಬೇಕು. ಜೋಲ್ಟಿಯಾನ್‌ನ ಮಿಂಚು ಕೆಟ್ಟ ಚೀಟಿಯಲ್ಲೂ 228, ಗ್ಯಾರಡೋಸ್ ಬೂದಿ. ಇಲ್ಲಿ ನಿಯಮ ತರುವವರ ಮಾತು ಸರಿ ಅನ್ನಿಸುತ್ತದೆ ಅಲ್ವಾ? ತಾಳಿ. ಆಟದಲ್ಲಿ ವಕಾನ್ ಅಂತ ಒಂದು ಹಣ್ಣು ಇದೆ. ಪ್ರಾಣಿ ಅದನ್ನು ಹಿಡಿದಿದ್ದರೆ ಜೋರಾಗಿ ತಾಗುವ ವಿದ್ಯುತ್ತಿನ ಒಂದು ಏಟು ಅರ್ಧವಾಗುತ್ತದೆ. ಜೋಲ್ಟಿಯಾನ್‌ನ ಅತಿ ದೊಡ್ಡ ಏಟು 268, ಅರ್ಧ ಮಾಡಿದರೆ 134. ಗ್ಯಾರಡೋಸ್ 21 ಜೀವ ಇಟ್ಟುಕೊಂಡು ನಿಂತಿದೆ. ಆಮೇಲೆ ವಾಟರ್‌ಫಾಲ್ ಹೊಡೆಯಬೇಡಿ, ಅದರಿಂದ 108ರ ಮೇಲೆ ಬರುವುದಿಲ್ಲ, ಜೋಲ್ಟಿಯಾನ್‌ನ ಜೀವ 125. ಅರ್ಥ್‌ಕ್ವೇಕ್ ಹೊಡೆಯಿರಿ. ಭೂಮಿಯ ಏಟು ವಿದ್ಯುತ್ತಿಗೆ 2 ಪಟ್ಟು, ಕಡಿಮೆ ಎಂದರೂ 152. ಆದರೆ ಜ್ಯಾಪ್‌ಡಾಸ್‌ಗೆ ಇದು ನಡೆಯುವುದಿಲ್ಲ, ಅದು ಹಾರುವ ಹಕ್ಕಿ, ಭೂಮಿಯ ಏಟು ತಾಗದು.

ಇನ್ನು ಆ ಹುಡುಗಿಯ ಎರಡನೇ ಚೀಟಿ. ಅದು ಗೋಲೆಮ್, ಬಂಡೆ ಮತ್ತು ಭೂಮಿ ಬಗೆ. ಅವಳಿಗೆ ಗೊತ್ತಿದೆಯೋ ಇಲ್ಲವೋ, ಇಡೀ ಡಬ್ಬಿಯಲ್ಲಿ ಗ್ಯಾರಡೋಸ್‌ಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗುವುದು ಕಷ್ಟ. ವಿದ್ಯುತ್ತಿನ ಏಟು ಗೋಲೆಮ್‌ಗೆ ಸೊನ್ನೆ. ಬಂಡೆಯ ಏಟು ಅರ್ಧ. ಗ್ಯಾರಡೋಸ್‌ನ ಎರಡೂ ದೌರ್ಬಲ್ಯ ಮುಚ್ಚಿತು. ತಿರುಗಿಸಿ ನೋಡಿ: ಗೋಲೆಮ್‌ಗೆ ದೌರ್ಬಲ್ಯ ಆರು. ಅದರಲ್ಲಿ ನೀರು, ಕುಸ್ತಿ, ಉಕ್ಕು ಗ್ಯಾರಡೋಸ್‌ಗೆ ಅರ್ಧ, ಭೂಮಿ ಸೊನ್ನೆ. ಹುಲ್ಲು, ಹಿಮ ಎರಡೂ ಸಾಮಾನ್ಯ ಏಟು. ಮಿಂಚು ಬರುತ್ತದೆ ಅನ್ನಿಸಿದರೆ ಗೋಲೆಮ್ ಒಳಗೆ, ನೀರು ಬರುತ್ತದೆ ಅನ್ನಿಸಿದರೆ ಗ್ಯಾರಡೋಸ್ ಒಳಗೆ. ಎದುರಿನವನು ಏನು ಮಾಡುತ್ತಾನೆ ಅಂತ ಊಹಿಸುವುದರಲ್ಲೇ ಆಟದ ರುಚಿ ಇರುವುದು. ಚೌಕಾಬಾರ ಆಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಆದರೆ ಹೊಸ ನಿಯಮ ಬಂದರೆ ಇವೆರಡೂ ಒಟ್ಟಿಗೆ ಹೋಗುತ್ತವೆ. ಗೋಲೆಮ್‌ಗೆ ನೀರೂ ಹುಲ್ಲೂ ಎರಡೂ ನಾಲ್ಕು ಪಟ್ಟು. ಬ್ಲಾಸ್ಟಾಯ್ಸ್‌ನ ಸರ್ಫ್ ಬಿದ್ದರೆ ಒಳ್ಳೆಯ ಚೀಟಿಗೆ 312 ಬರುತ್ತದೆ, ಗೋಲೆಮ್‌ನ ಜೀವ 140. ಲೆಕ್ಕದ ಪ್ರಕಾರ ಎರಡು ಸಲ ಸಾಯಬೇಕು. ಆದರೂ ಸಾಯುವುದಿಲ್ಲ. ಗೋಲೆಮ್‌ಗೆ ಸ್ಟರ್ಡಿ ಎಂಬ ಹುಟ್ಟುಗುಣ ಇರಬಹುದು. ಅದು ಇದ್ದರೆ, ಜೀವ ಪೂರ್ತಿ ಇರುವಾಗ ಎಷ್ಟೇ ದೊಡ್ಡ ಏಟು ಬಿದ್ದರೂ 1 ಉಳಿಸಿಕೊಂಡು ನಿಲ್ಲುತ್ತದೆ. 2010ರ ಬ್ಲ್ಯಾಕ್ ಮತ್ತು ವೈಟ್ ಆಟಗಳಿಂದ ಈ ಕಾನೂನು ಇದೆ.

ಹೊತ್ತು ಸಾಲದು ಎಂಬ ದೂರಿಗೆ ನನ್ನ ಹತ್ತಿರ ಒಂದು ಉಪಾಯ ಇದೆ. ನಾಲ್ಕು ಪಟ್ಟು ಬೀಳುವ ಜೋಡಿಗಳು ನಮ್ಮ ಡಬ್ಬಿಯಲ್ಲಿ ಬಹಳ ಇಲ್ಲ. ಶುಕ್ರವಾರ ಊಟದ ಬಿಡುವಿನಲ್ಲಿ ಇಬ್ಬರು ಕೂತರೆ ಅವುಗಳ ಲೆಕ್ಕವನ್ನೆಲ್ಲ ಮೊದಲೇ ಒಂದು ಹಾಳೆಯಲ್ಲಿ ಬರೆದಿಡಬಹುದು. ನಾನು ಕೂರುತ್ತೇನೆ, ಇನ್ನೊಬ್ಬರು ಬೇಕು. ಪಿಕಾಚು ಇಟ್ಟುಕೊಂಡವನೇ ಬಂದರೆ ಇನ್ನೂ ಒಳ್ಳೆಯದು. ಗೋಲೆಮ್ ಚೀಟಿಯ ಹಿಂಬದಿಯಲ್ಲಿ ಸ್ಟರ್ಡಿ ಅಂತ ಪೆನ್ಸಿಲಿನಲ್ಲಿ ಬರೆದಿದೆ, ನಂಬದವರು ತಿರುಗಿಸಿ ನೋಡಬಹುದು.